ತರಬೇತುದಾರನ ಕೈಯಲ್ಲಿರುವ ಅಮಾನತ್ತು



ಮಕ್ಕಳ ಓಟ, ಈಜು, ಆಟೋಟಗಳಿಗೂ ದೀನ್‌ಗೂ ಸಂಬಂಧವಿಲ್ಲವೆಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಪ್ರವಾದಿವರ್ಯರು(ಸ) ಮದೀನಾದಲ್ಲಿ ಸ್ವತಃ ಕುದುರೆ ಓಟದ ಸ್ಪರ್ಧೆ ಏರ್ಪಡಿಸಿದ್ದರು. ಅದರಲ್ಲಿ ಭಾಗವಹಿಸಿದ್ದ ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ತಿಳಿಸಿದ ವಿವರ ಬುಖಾರಿಯಲ್ಲಿದೆ. ಓಟಕ್ಕೆಂದು ಪಳಗಿಸಿ ಸಿದ್ಧಗೊಳಿಸಿದ ಕುದುರೆಗಳಿಗೆ ಐದಾರು ಮೈಲು ದೂರವನ್ನು ಗೊತ್ತುಪಡಿಸಲಾಗಿತ್ತು. ಹಾಗೆ ಸಿದ್ಧಗೊಳ್ಳದ ಕುದುರೆಗಳಿಗೆ ಬನೂ ಝುರೈಕ್ ಮಸೀದಿಯ ವರೆಗೆ ಸುಮಾರು ಒಂದೇ ಮೈಲು. ಮೂಕಪ್ರಾಣಿಯ ಸಾಮರ್ಥ್ಯವನ್ನೂ ನೋಡಿ ದೂರ ನಿಗದಿಪಡಿಸಿದವರ ಅನುಯಾಯಿಗಳು ಮಗುವಿನ ವಿಷಯದಲ್ಲಿ ಎಷ್ಟು ಜಾಗ್ರತೆ ವಹಿಸಬೇಕು!

ಈ ಅಳತೆಯನ್ನು ಮರೆತರೆ ಏನಾಗುತ್ತದೆಂಬುದನ್ನು ನಮ್ಮ ದೇಶವೇ ಕಂಡಿದೆ. 2006ರ ಮೇ ತಿಂಗಳಲ್ಲಿ ಒಡಿಶಾದ ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಬಾಲಕ ಪುರಿ-ಭುವನೇಶ್ವರ ರಸ್ತೆಯಲ್ಲಿ 65 ಕಿಲೋಮೀಟರ್ ಓಡಿದನು. ಏಳು ಗಂಟೆಗಳ ಆ ಓಟದ ಕೊನೆಯಲ್ಲಿ ಅವನು ಕುಸಿದನು. ಆಮೇಲೆ ಸರಕಾರವು ಅವನ ದೀರ್ಘ ಓಟಗಳನ್ನು ತಡೆಯಿತು. ಅವನನ್ನು ಓಡಿಸಿದ ಜೂಡೋ ತರಬೇತುದಾರ ಬಿರಂಚಿ ದಾಸ್ ಕ್ರೂರಿಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕಡು ಬಡತನದಲ್ಲಿದ್ದ ಆ ಮಗುವಿಗೆ ಆಶ್ರಯ ಕೊಟ್ಟು ಉಣಿಸಿದವರೂ ಅವರೇ. ನಾವು ಯೋಚಿಸಬೇಕಾದುದು ಇಲ್ಲಿಯೇ. ಅನ್ನ ಕೊಟ್ಟ ಮಾತ್ರಕ್ಕೆ, ವಿದ್ಯೆ ಕಲಿಸಿದ ಮಾತ್ರಕ್ಕೆ ಮಗುವಿನ ದೇಹದ ಮೇಲೆ ಒಡೆತನ ಬಂದುಬಿಡುತ್ತದೆಯೇ?

ಖಂಡಿತ ಇಲ್ಲ. ಆ ದೇಹದ ಒಡೆಯನು ಅಲ್ಲಾಹನು. ಹೆತ್ತವರಿಗೂ ಅದು ಅಮಾನತ್ತು, ಅವರಿಂದ ಅದನ್ನು ವಹಿಸಿಕೊಂಡ ತರಬೇತುದಾರನಿಗೂ ಅಮಾನತ್ತೇ. ತನ್ನ ಹೊಣೆಯಲ್ಲಿರುವವರ ಕುರಿತು ಪ್ರತಿಯೊಬ್ಬನೂ ವಿಚಾರಣೆಗೆ ಒಳಗಾಗುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನಾಳೆ ಪರಲೋಕದಲ್ಲಿ ಪದಕಗಳ ಲೆಕ್ಕ ಕೇಳಲಾಗದು. ಈ ಅಮಾನತ್ತಿನ ಲೆಕ್ಕ ಕೇಳಲಾಗುವುದು.

ಹಾಗಾದರೆ ಗುರುವಿನ ಮಾದರಿ ಯಾವುದು? ಹಝ್ರತ್ ಅನಸ್(ರ) ಎಳೆಯ ವಯಸ್ಸಿನಲ್ಲೇ ಪ್ರವಾದಿವರ್ಯರ(ಸ) ಸೇವೆಗೆ ಸೇರಿ ಹತ್ತು ವರ್ಷ ಅವರ ಬಳಿಯಿದ್ದರು. ಆ ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅವರು 'ಛೆ' ಎನ್ನಲಿಲ್ಲವೆಂದು ಅನಸ್(ರ) ನೆನೆಯುತ್ತಾರೆ. ಸೋತು ಬಂದ ಹುಡುಗನನ್ನು ಎಲ್ಲರೆದುರು ಹೀಯಾಳಿಸುವುದೇ ಶಿಸ್ತೆಂದು ತಿಳಿದವರು ಇದನ್ನು ಮನನ ಮಾಡಲಿ. ಮಗು ನೋವೆಂದರೆ ನಂಬಬೇಕು. ವೈದ್ಯರಿಗೆ ತಿಳಿಯದಂತೆ ಮಾತ್ರೆ, ಚುಚ್ಚುಮದ್ದು ಕೊಡಬಾರದು. ಮುಚ್ಚಿದ ಬಾಗಿಲ ಹಿಂದೆ ಮಗುವನ್ನು ಒಂಟಿಯಾಗಿ ಇರಿಸಿಕೊಳ್ಳಬಾರದು.

ಕ್ರೀಡಾಳುಗಳಾದ ಯುವಮಿತ್ರರೇ, ಗುರುವನ್ನು ಗೌರವಿಸಿರಿ; ಅವರ ಬೆವರಿನ ಋಣವನ್ನು ಮರೆಯದಿರಿ. ಆದರೆ ಸೃಷ್ಟಿಕರ್ತನ ಆಜ್ಞೆಯನ್ನು ಮೀರುವ ವಿಷಯದಲ್ಲಿ ಯಾವ ಸೃಷ್ಟಿಗೂ ವಿಧೇಯತೆ ಸಲ್ಲದು. ಮೋಸದಿಂದ ಗೆಲ್ಲಲು ಹೇಳಿದರೆ, ನಿಮ್ಮ ಮಾನಕ್ಕೆ ಕೈಹಾಕಿದರೆ, 'ಇಲ್ಲ' ಎನ್ನುವುದು ಅವಿಧೇಯತೆಯಲ್ಲ, ಅದೇ ತಖ್ವಾ. ಕೂಡಲೇ ಮನೆಯವರಿಗೆ ತಿಳಿಸಿರಿ.

ಹೆತ್ತವರೇ, ಶುಲ್ಕ ಕಟ್ಟಿ ಮೈದಾನಕ್ಕೆ ಬಿಟ್ಟು ಬಂದಲ್ಲಿಗೆ ನಿಮ್ಮ ಹೊಣೆ ಮುಗಿಯುವುದಿಲ್ಲ. ಸಂಜೆ ಮನೆಗೆ ಬಂದ ಮಗುವಿನೊಡನೆ 'ಗೆದ್ದೆಯಾ?' ಎಂದು ಕೇಳುವ ಮೊದಲು 'ಹೇಗಿದ್ದೀಯಾ ಕಂದಾ?' ಎಂದು ಕೇಳಿರಿ. ಉತ್ತರ ಬರಲು ತಡವಾದರೆ ಪಕ್ಕದಲ್ಲೇ ಕುಳಿತು ಕಾಯಿರಿ.

ನಮ್ಮ ಕೈಗೊಪ್ಪಿಸಿದ ಮಕ್ಕಳ ಹಕ್ಕನ್ನು ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.