ಹುಟ್ಟುದೋಷ ಮತ್ತು ಹಣೆಬರಹ

ಅಂಗದೋಷ ಹೊತ್ತು ಹುಟ್ಟಿದ ಶಿಶುವಿನ ನೋವಿಗೆ ಯಾರು ಹೊಣೆ ಎಂಬುದು ಧರ್ಮಚಿಂತನೆಯ ಹಳೆಯ ತೊಡಕು. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಇವನದೋ ತಂದೆತಾಯಿಯದೋ ಎಂದು ಕೇಳುತ್ತಾರೆ; ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ದೇವರಿಗೆ ಪಕ್ಷಪಾತವೂ ಇಲ್ಲ, ನಿರ್ದಯತೆಯೂ ಇಲ್ಲ ಎನ್ನುತ್ತದೆ ಬ್ರಹ್ಮಸೂತ್ರ. ಶಂಕರರ ಭಾಷ್ಯ ಅದಕ್ಕೆ ಮಳೆಯ ಹೋಲಿಕೆ ಕೊಡುತ್ತದೆ: ಮಳೆ ಎಲ್ಲ ಪೈರಿಗೂ ಒಂದೇ, ಭತ್ತ ಜವೆಗಳ ಭೇದ ಬೀಜದ್ದು, ಹಾಗೆಯೇ ಜೀವಿಗಳ ಭೇದ ಅವುಗಳ ಕರ್ಮದ್ದು.

ಈ ತರ್ಕ ದೇವರನ್ನು ಆರೋಪದಿಂದ ಬಿಡಿಸುತ್ತದೆ. ಆದರೆ ಮನೆಯೊಳಗೆ ಆರೋಪ ತಾಯಿಯ ಮೇಲೆ ಬಂದು ಕೂರುತ್ತದೆ. ಗ್ರಹಣದ ಹೊತ್ತಿನಲ್ಲಿ ಬಸುರಿ ತರಕಾರಿ ಹೆಚ್ಚಿದ್ದರಿಂದಲೇ ಮಗುವಿನ ತುಟಿ ಸೀಳಿತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ.

ಹಣೆಬರಹವೆಂದು ಬಗೆದದ್ದು ಎಷ್ಟು ಬದಲಾಗಬಲ್ಲದು ಎಂಬುದಕ್ಕೆ 1888ರಲ್ಲಿ ಫ್ರೆಂಚ್ ವೈದ್ಯ ಫ್ಯಾಲೋ ವಿವರಿಸಿದ ಹೃದಯದೋಷ ಒಳ್ಳೆಯ ನಿದರ್ಶನ. ಇದರಲ್ಲಿ ಹೃದಯದ ಕೆಳಕೋಣೆಗಳ ನಡುವೆ ರಂಧ್ರವಿರುತ್ತದೆ, ಶ್ವಾಸಕೋಶದತ್ತ ರಕ್ತ ಹೋಗುವ ದಾರಿ ಕಿರಿದಾಗಿರುತ್ತದೆ. ಮಗು ಅತ್ತರೆ ತುಟಿ, ಉಗುರು ನೀಲಿಗಟ್ಟುತ್ತವೆ. ನಾಲ್ಕು ಹೆಜ್ಜೆ ನಡೆದು ದಣಿದು ಕುಕ್ಕರುಗಾಲಲ್ಲಿ ಕೂರುತ್ತದೆ. ಶಸ್ತ್ರಚಿಕಿತ್ಸೆ ಇಲ್ಲದ ಕಾಲದಲ್ಲಿ ಇಂಥ ಮಕ್ಕಳಲ್ಲಿ ಹೆಚ್ಚಿನವರು ಹತ್ತು ವರ್ಷ ದಾಟುತ್ತಿರಲಿಲ್ಲ. 1944ರ ನವೆಂಬರ್ 29ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಇಂಥ ಮಗುವೊಂದರ ತೋಳಿಗೆ ಹೋಗುವ ರಕ್ತನಾಳವೊಂದನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸಲಾಯಿತು. ಹೆಲನ್ ಟಾಸಿಗ್, ಆಲ್ಫ್ರೆಡ್ ಬ್ಲಾಲಾಕ್, ವಿವಿಯನ್ ಥಾಮಸ್ ಇದರ ಹಿಂದಿದ್ದರು. ಹತ್ತು ವರ್ಷದ ಬಳಿಕ ಮಿನೆಸೋಟದಲ್ಲಿ ಶಸ್ತ್ರವೈದ್ಯ ಲಿಲ್ಲೆಹೈ ಹೃದಯವನ್ನೇ ತೆರೆದು ದೋಷ ಸರಿಪಡಿಸಿದರು. ಈಗ ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪ್ರಾಯಕ್ಕೆ ಬರುತ್ತಾರೆ.

ಒಂದೇ ದೋಷ ಅಂದು ಸಾವಾಗಿತ್ತು, ಇಂದು ಸಾವಲ್ಲ. ಈ ನಡುವೆ ಶಿಶುಗಳ ಪೂರ್ವಕರ್ಮವೆಲ್ಲ ಹಗುರಾಯಿತೆಂದು ಯಾರೂ ಹೇಳಲಾರರು. ಚರಕಸಂಹಿತೆ ಈ ತೊಡಕನ್ನು ಮೊದಲೇ ಕಂಡಿತ್ತು. ವಿಕಲಾಂಗ ಜನನಕ್ಕೆ ಕರ್ಮದ ಜೊತೆಗೆ ಬೀಜ, ಗರ್ಭಾಶಯ, ಕಾಲ, ತಾಯಿಯ ಆಹಾರವಿಹಾರಗಳನ್ನೂ ಅದು ಕಾರಣವೆನ್ನುತ್ತದೆ. ಅದರ ಪ್ರಕಾರ ಆಯುಸ್ಸು ದೈವ, ಪುರುಷಕಾರ (ಮನುಷ್ಯಪ್ರಯತ್ನ) ಎರಡಕ್ಕೂ ಸೇರಿದ್ದು. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕೇ ಅರ್ಥವಿಲ್ಲ ಎಂಬುದು ಅದರ ವಾದ.

ಹುಟ್ಟಿದ್ದೇಕೆ ಹೀಗೆ ಎಂಬುದಕ್ಕೆ ಕರ್ಮ ಉತ್ತರವಾಗಬಹುದು, ಆಗದಿರಬಹುದು. ಚಿಕಿತ್ಸೆ ಮುಂದೂಡಲು ಮಾತ್ರ ಅದು ನೆಪವಾಗಕೂಡದು. ಫ್ಯಾಲೋ ದೋಷವನ್ನು ಇಂದು ಸಾಮಾನ್ಯವಾಗಿ ಮಗುವಿನ ಮೊದಲ ವರ್ಷದೊಳಗೇ ಸರಿಪಡಿಸುತ್ತಾರೆ.