ಎರಡು ಗ್ರಹಗಳು, ಒಂದೇ ತರ್ಕ

ವೈಜ್ಞಾನಿಕ ಸಿದ್ಧಾಂತ ಯಾವುದೇ ಮುನ್ಸೂಚನೆಯನ್ನು ಒಂಟಿಯಾಗಿ ಕೊಡುವುದಿಲ್ಲ. ನ್ಯೂಟನ್‌ರ ಗುರುತ್ವ ನಿಯಮವೊಂದೇ ಕೈಯಲ್ಲಿದ್ದರೆ ನಾಳೆ ಗ್ರಹ ಎಲ್ಲಿ ಕಾಣುತ್ತದೆಂದು ಹೇಳಲಾಗದು. ಸೂರ್ಯನ ಸುತ್ತ ಎಷ್ಟು ಕಾಯಗಳಿವೆ, ಅವುಗಳ ರಾಶಿ ಎಷ್ಟು, ಹಳೆಯ ವೀಕ್ಷಣೆಗಳನ್ನು ಎಷ್ಟು ನಂಬಬಹುದು ಎಂಬುದನ್ನೆಲ್ಲ ಮೊದಲೇ ಒಪ್ಪಿಕೊಂಡು ಲೆಕ್ಕಕ್ಕೆ ಕೂರಬೇಕು. ಉತ್ತರ ತಪ್ಪಿದರೆ ಇವುಗಳಲ್ಲಿ ಯಾವುದು ಕೈಕೊಟ್ಟಿತು ಎಂಬುದು ಆ ತಪ್ಪಿನಿಂದಲೇ ತಿಳಿಯುವುದಿಲ್ಲ. ಫ್ರಾನ್ಸಿನ ಪಿಯರ್ ಡ್ಯುಯೆಮ್ 20ನೆಯ ಶತಮಾನದ ಆರಂಭದಲ್ಲಿ ಈ ಮಾತನ್ನು ತತ್ತ್ವವಾಗಿ ಮಂಡಿಸಿದರು. ಖಗೋಳಜ್ಞರು ಅದಕ್ಕೂ ಹಿಂದೆಯೇ ಅದರ ಬಿಸಿಯನ್ನು ಅನುಭವಿಸಿದ್ದರು.

1781ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಯುರೇನಸ್ ಕೆಲವೇ ದಶಕಗಳಲ್ಲಿ ಲೆಕ್ಕ ತಪ್ಪಿ ನಡೆಯತೊಡಗಿತು. ದೋಷ ಗುರುತ್ವ ನಿಯಮದಲ್ಲಿರಬಹುದಿತ್ತು. ಗ್ರಹಗಳ ಪಟ್ಟಿಯೇ ಅಪೂರ್ಣವಾಗಿರಬಹುದಿತ್ತು. ಪ್ಯಾರಿಸ್‌ನ ಅರ್ಬೆನ್ ಲವೆರಿಯೆ ಮತ್ತು ಇಂಗ್ಲೆಂಡಿನ ಜಾನ್ ಕೌಚ್ ಆಡಮ್ಸ್, ಒಬ್ಬರನ್ನೊಬ್ಬರು ಅರಿಯದೆ, ಎರಡನೆಯದನ್ನು ಆರಿಸಿಕೊಂಡರು. ಭಾರತೀಯ ದರ್ಶನಗಳಲ್ಲಿ ಮೀಮಾಂಸಕರಿಗೆ ಈ ಬಗೆಯ ತರ್ಕ ಹೊಸದಲ್ಲ: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಅಂದಮೇಲೆ ರಾತ್ರಿ ಉಣ್ಣುತ್ತಿರಲೇಬೇಕು. ಅವರು ಇದನ್ನು ಅರ್ಥಾಪತ್ತಿ ಎಂದು ಕರೆದು ಪ್ರತ್ಯೇಕ ಪ್ರಮಾಣವೆಂದೇ, ಅಂದರೆ ಜ್ಞಾನಕ್ಕೆ ಸ್ವತಂತ್ರ ಸಾಧನವೆಂದೇ, ಎಣಿಸಿದರು. ನ್ಯಾಯದರ್ಶನದ ನೈಯಾಯಿಕರು ಅದನ್ನು ಅನುಮಾನವೆಂಬ ಪ್ರಮಾಣದೊಳಗೇ ಸೇರಿಸಿಬಿಟ್ಟರು. ವಿಜ್ಞಾನ ಇಬ್ಬರಿಗಿಂತಲೂ ಜಿಪುಣ. ಅದರ ಮಟ್ಟಿಗೆ ಇಂಥ ತೀರ್ಮಾನ ಜ್ಞಾನವಲ್ಲ, ರಾತ್ರಿ ಅಡುಗೆಮನೆಗೆ ಹೋಗಿ ನೋಡಲು ಒಂದು ಕಾರಣ, ಅಷ್ಟೆ.

ನೋಡುವ ಕೆಲಸ ನಡೆದದ್ದು ಬರ್ಲಿನ್ನಿನಲ್ಲಿ. 1846ರ ಸೆಪ್ಟೆಂಬರ್ 23ರಂದು ಲವೆರಿಯೆಯ ಪತ್ರ ಅಲ್ಲಿನ ಖಗೋಳಜ್ಞ ಯೋಹಾನ್ ಗಾಲೆಯ ಕೈಸೇರಿತು. ಆ ರಾತ್ರಿಯೇ ಗಾಲೆ ದೂರದರ್ಶಕದಲ್ಲಿ ಕಂಡ ನಕ್ಷತ್ರಗಳ ಸ್ಥಾನವನ್ನು ಒಂದೊಂದಾಗಿ ಕೂಗಿ ಹೇಳುತ್ತಾ ಹೋದರು. ವಿದ್ಯಾರ್ಥಿ ಹೈನ್ರಿಶ್ ದಾರೆಸ್ಟ್ ಹೊಸದಾಗಿ ಅಚ್ಚಾದ ನಕ್ಷೆಯಲ್ಲಿ ಅವನ್ನು ತಾಳೆ ನೋಡುತ್ತಿದ್ದರು. ಒಂದು ಚುಕ್ಕೆ ನಕ್ಷೆಯಲ್ಲಿರಲಿಲ್ಲ. ಲೆಕ್ಕ ಹೇಳಿದ ಜಾಗದಿಂದ ಅದು ಒಂದು ಡಿಗ್ರಿಯಷ್ಟೂ ದೂರವಿರಲಿಲ್ಲ. ಮರುದಿನ ಅದು ಕದಲಿದ್ದೂ ಖಚಿತವಾಯಿತು. ಅದೇ ನೆಪ್ಚೂನ್.

ಆದರೆ ಆ ಚುಕ್ಕೆ ಮನುಷ್ಯರ ಕಣ್ಣಿಗೆ ಬಿದ್ದದ್ದು ಅದೇ ಮೊದಲಲ್ಲ. ಗೆಲಿಲಿಯೊ 1612ರ ಡಿಸೆಂಬರ್‌ನಲ್ಲಿ ಗುರುಗ್ರಹದ ಪಕ್ಕದಲ್ಲೇ ಅದನ್ನು ಕಂಡು ನಕ್ಷತ್ರವೆಂದು ಗುರುತು ಹಾಕಿಕೊಂಡಿದ್ದರು. 1795ರ ಮೇ 8 ಮತ್ತು 10ರಂದು ಖಗೋಳಜ್ಞ ಲಲಾಂದ್‌ರ ನಕ್ಷತ್ರಪಟ್ಟಿಗಾಗಿ ಪ್ಯಾರಿಸ್‌ನಲ್ಲಿ ನಡೆದ ವೀಕ್ಷಣೆಯಲ್ಲೂ ಅದು ಸಿಕ್ಕಿತ್ತು. ಎರಡು ದಿನದ ಸ್ಥಾನಗಳು ಹೊಂದಲಿಲ್ಲ. ಮೊದಲನೆಯದನ್ನು ಕೈಬಿಟ್ಟು, ಎರಡನೆಯದರ ಮುಂದೆ ಸಂಶಯದ ಗುರುತು ಹಾಕಲಾಯಿತು. ಗ್ರಹದ ಚಲನೆಯೇ ಕಾಗದದ ಮೇಲಿತ್ತು, ಓದಿದ್ದು ಮಾತ್ರ ಬರಹದ ತಪ್ಪೆಂದು. ಏನನ್ನು ನಿರೀಕ್ಷಿಸಬೇಕೆಂದು ತಿಳಿಯದವನಿಗೆ ಕಂಡದ್ದೂ ಶೋಧವಾಗುವುದಿಲ್ಲ.

ಮುನ್ಸೂಚನೆ ಫಲಿಸಿತೆಂದರೆ ಅದರ ಹಿಂದಿನ ಊಹೆಗಳೆಲ್ಲ ನಿಜವೆಂದೂ ಅಲ್ಲ. ಗ್ರಹಗಳ ದೂರ ಒಂದು ಸಂಖ್ಯಾಕ್ರಮದಲ್ಲಿ ಏರುತ್ತದೆಂಬ ಬೋಡೆ ನಿಯಮವನ್ನು ಆಡಮ್ಸ್ ಮತ್ತು ಲವೆರಿಯೆ ಇಬ್ಬರೂ ಆಧಾರವಾಗಿ ಹಿಡಿದಿದ್ದರು. ಅದರಂತೆ ಹೊಸ ಗ್ರಹ ಸೂರ್ಯನಿಂದ ಭೂಮಿಯಿರುವ ದೂರದ ಸುಮಾರು 39 ಪಟ್ಟು ದೂರದಲ್ಲಿರಬೇಕಿತ್ತು. ಲವೆರಿಯೆ ಕೊನೆಗೆ ತಲುಪಿದ್ದು 36ಕ್ಕೆ, ನಿಜವಾದ ದೂರ 30. ಗ್ರಹವನ್ನು ಹೆಚ್ಚು ದೂರವಿಟ್ಟ ತಪ್ಪನ್ನು, ಅದಕ್ಕೆ ಹೆಚ್ಚು ರಾಶಿ ಕೊಟ್ಟ ತಪ್ಪು ಬಹುಪಾಲು ಸರಿದೂಗಿಸಿತು. ಹಾರ್ವರ್ಡ್‌ನ ಬೆಂಜಮಿನ್ ಪೀರ್ಸ್ ಈ ಶೋಧವೇ ಆಕಸ್ಮಿಕವೆಂದು ವಾದಿಸಿದರು. ಅದು ಅತಿಯಾಯಿತು: ಯುರೇನಸ್ ನೆಪ್ಚೂನನ್ನು ದಾಟಿಹೋದ 1822ರ ಆಸುಪಾಸಿನಲ್ಲಿ ಸೆಳೆತ ಯಾವ ದಿಕ್ಕಿನದೆಂಬುದು ವೀಕ್ಷಣೆಗಳಲ್ಲಿ ಸ್ಪಷ್ಟವಾಗಿಯೇ ಮೂಡಿತ್ತು. ಬೋಡೆ ನಿಯಮವಂತೂ ತಾನು ನೆರವಾದ ಶೋಧದಿಂದಲೇ ನೆಲಕಚ್ಚಿತು.

ಲವೆರಿಯೆ ಅದೇ ದಾರಿಯನ್ನು ಮತ್ತೆ ಹಿಡಿದರು. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದು ನಿಧಾನವಾಗಿ ಮುಂದೆ ಸರಿಯುತ್ತದೆ. ತಿಳಿದ ಗ್ರಹಗಳ ಸೆಳೆತವನ್ನೆಲ್ಲ ಕಳೆದ ಮೇಲೂ ಶತಮಾನಕ್ಕೆ 38 ವಿಕಲೆ, ಅಂದರೆ ಡಿಗ್ರಿಯ ನೂರನೆಯ ಒಂದು ಭಾಗದಷ್ಟು, ಮಿಕ್ಕುತ್ತದೆಂದು 1859ರಲ್ಲಿ ಅವರು ತೋರಿಸಿದರು. ಮುಂದೆ ಸೈಮನ್ ನ್ಯೂಕೂಂಬ್ ಅದನ್ನು 43ಕ್ಕೆ ತಿದ್ದಿದರು. ಬುಧನಿಗೂ ಒಳಗೆ ಕಾಣದ ಕಾಯವಿರಬೇಕೆಂದಾಯಿತು. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಹಳ್ಳಿಯ ವೈದ್ಯ ಲೆಸ್ಕಾರ್ಬೊ ಅದು ಸೂರ್ಯಬಿಂಬವನ್ನು ಹಾಯ್ದದ್ದನ್ನು ಕಂಡೆನೆಂದರು. 1878ರ ಸೂರ್ಯಗ್ರಹಣದಲ್ಲಿ ಅಮೆರಿಕದ ಇಬ್ಬರು ವೀಕ್ಷಕರೂ ಹಾಗೆಯೇ ಹೇಳಿದರು. ಗ್ರಹಣಗಳು ಬಂದು ಹೋದವು, ವಲ್ಕನ್ ಮಾತ್ರ ಸಿಗಲಿಲ್ಲ. ನಿರೀಕ್ಷೆ ಕಣ್ಣು ತೆರೆಸುವಂತೆಯೇ ಇಲ್ಲದ್ದನ್ನೂ ಕಾಣಿಸುತ್ತದೆ.

ತರ್ಕದಲ್ಲಿ ನೆಪ್ಚೂನ್‌ಗೂ ವಲ್ಕನ್‌ಗೂ ಕೂದಲೆಳೆಯ ಅಂತರವೂ ಇರಲಿಲ್ಲ. ಎರಡನೆಯ ಸಲ ತಪ್ಪಿದ್ದು ಗ್ರಹಗಳ ಪಟ್ಟಿಯಲ್ಲ, ನಿಯಮವೇ. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ತಮ್ಮ ಹೊಸ ಗುರುತ್ವ ಸಿದ್ಧಾಂತದಿಂದ, ಯಾವ ಹೊಸ ಕಾಯವನ್ನೂ ಸೇರಿಸದೆ, ಆ 43 ವಿಕಲೆಯನ್ನು ಪಡೆದರು. ಇಲ್ಲಿ ವಿದ್ಯಮಾನ ಮೊದಲೇ ತಿಳಿದಿತ್ತು, ಆದ್ದರಿಂದ ಇದನ್ನು ಮುನ್ಸೂಚನೆ ಎನ್ನಬಹುದೇ ಎಂಬ ಚರ್ಚೆ ತತ್ತ್ವಜ್ಞರಲ್ಲಿದೆ. ಸಿದ್ಧಾಂತವನ್ನು ಬುಧನಿಗೆಂದು ಹೊಲಿದಿರಲಿಲ್ಲ, ತೂಕ ಇರುವುದು ಅಲ್ಲಿ.

ಇದೇ ಕವಲು ಈಗ ಗೆಲಾಕ್ಸಿಗಳ ಮುಂದಿದೆ. 1970ರ ದಶಕದಲ್ಲಿ ವೀರಾ ರೂಬಿನ್ ಮತ್ತು ಸಂಗಡಿಗರು ಅಳೆದಂತೆ, ಗೆಲಾಕ್ಸಿಯ ಅಂಚಿನ ನಕ್ಷತ್ರಗಳು ಕಾಣುವ ದ್ರವ್ಯದ ಲೆಕ್ಕಕ್ಕಿಂತ ವೇಗವಾಗಿ ಸುತ್ತುತ್ತವೆ. ಬಹುತೇಕ ವಿಜ್ಞಾನಿಗಳು ಕಾಣದ ದ್ರವ್ಯವಿದೆಯೆನ್ನುತ್ತಾರೆ; 1983ರಲ್ಲಿ ಮೊರ್ದೆಹಾಯ್ ಮಿಲ್ಗ್ರೋಮ್ ನಿಯಮವನ್ನೇ ತಿದ್ದಿ ನೋಡಿದರು. ಮೊದಲ ಪಕ್ಷಕ್ಕೆ ಗೆಲಾಕ್ಸಿ ಗುಚ್ಛಗಳಿಂದಲೂ ವಿಶ್ವದ ಹಿನ್ನೆಲೆ ವಿಕಿರಣದಿಂದಲೂ ಬಲವಾದ ಬೆಂಬಲವಿದೆ. ಆದರೆ ಭೂಗರ್ಭದ ಪ್ರಯೋಗಾಲಯಗಳಲ್ಲಿ ದ್ರವ ಕ್ಸೆನಾನ್ ತುಂಬಿಟ್ಟು ಕಾದರೂ ಆ ದ್ರವ್ಯದ ಒಂದು ಕಣವೂ ಇನ್ನೂ ಕೈಗೆ ಸಿಕ್ಕಿಲ್ಲ.