ಇಂದಿನ ಧಮ್ಮ ಚಿಂತನೆ: ಬಿಚ್ಚುವುದೋ, ಮುಚ್ಚುವುದೋ?




15 ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಅಮೆರಿಕದ ಆರೆಗಾನ್ ರಾಜ್ಯದಲ್ಲಿದ್ದಾಳೆ. ಕಳೆದ ವರ್ಷ ಅವಳೂ ಅವಳ ಗಂಡನೂ ಒಂದು ಹಳೆಯ ಟ್ರಾವೆಲ್ ಟ್ರೇಲರ್ ಕೊಂಡರು. ನಮ್ಮಲ್ಲಿ ಇದು ಅಷ್ಟು ಪರಿಚಿತವಲ್ಲ. ಕಾರು ಅಥವಾ ಪಿಕಪ್ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ ಅದು. ಮಂಚ, ಒಲೆ, ಪುಟ್ಟ ಬಚ್ಚಲು, ನೀರಿನ ಟ್ಯಾಂಕು ಎಲ್ಲವೂ ಒಳಗೇ ಇರುತ್ತವೆ. ರಜೆಯ ತಿರುಗಾಟಕ್ಕೆಂದು ಮಾಡಿದ್ದಾದರೂ, ಅದರಲ್ಲೇ ವರ್ಷವಿಡೀ ಬದುಕುವವರು ಅಲ್ಲಿದ್ದಾರೆ. ಕೆಲವರು ಇಷ್ಟಪಟ್ಟು, ಕೆಲವರು ಮನೆ ಬಾಡಿಗೆ ಕಟ್ಟಲಾಗದೆ.

ಇವರದು 1970ರ ದಶಕದ ಟ್ರೇಲರ್. "ಸಾಮಾನೆಲ್ಲ ಕೊಟ್ಟುಬಿಟ್ಟೆ ಟೀಚರ್, ಇನ್ನು ಹಗುರಾಗಿ ಬದುಕುತ್ತೇವೆ" ಎಂದಿದ್ದಳು. ಮಾರಿದವರು ಒಳಗೆಲ್ಲ ಬಿಳಿ ಬಣ್ಣ ಬಳಿದು, ಹೊಸ ನೆಲಹಾಸು ಹಾಕಿ ಕೊಟ್ಟಿದ್ದರು. ನೋಡಲು ಚೆಂದವಿತ್ತು.

ಒಂದು ವಾರದ ನಂತರ ಹಿಂಬದಿಯ ಮೂಲೆಯಲ್ಲಿ ಅವಳ ಕಾಲು ಕುಸಿಯಿತು. ನೆಲಹಾಸು ಎತ್ತಿದರೆ ಕೆಳಗಿನ ಪ್ಲೈವುಡ್ ಕಪ್ಪಾಗಿ, ನೆನೆದ ರೊಟ್ಟಿಯಂತೆ ಪದರ ಪದರವಾಗಿ ಎದ್ದು ಬಂತು. ಗೋಡೆಯೊಳಗಿನ ಮರದ ರೀಪಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದಳು. ಗಟ್ಟಿ ಮರವಾದರೆ ತಡೆಯುತ್ತದೆ. ಇಲ್ಲಿ ಅದು ಹಿಡಿಯವರೆಗೂ ಇಳಿಯಿತು. ಅಂದೇ ನನಗೆ ವಿಡಿಯೋ ಕರೆ ಮಾಡಿ ಅತ್ತಳು.

ನಾನು ಹೇಳಿದ್ದು ಇಷ್ಟೇ: "ಅಳಬೇಡಮ್ಮ. ಅದರ ಮೇಲೆ ಇನ್ನೊಂದು ಹಲಗೆ ಬಡಿದುಬಿಡು. ಯಾರು ನೋಡುತ್ತಾರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದಳು: "ಮಾರುವುದಾಗಿದ್ದರೆ ಹಾಗೆ ಮಾಡಬಹುದಿತ್ತೇನೋ ಟೀಚರ್. ನಾನು ಇದರಲ್ಲೇ ಮಲಗಬೇಕಲ್ಲ." ಮತ್ತೆ ತಾನೇ ತಿದ್ದಿಕೊಂಡಳು: "ಇಲ್ಲ, ಮಾರುವುದಾದರೂ ಮಾಡಬಾರದು. ನನ್ನ ಕೈಗೆ ಇದು ಬಂದದ್ದು ಹಾಗೇ ತಾನೆ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸಲಹೆ ಕರುಣೆಯಿಂದ ಬಂದದ್ದು ಎಂದುಕೊಂಡಿದ್ದೆ. ನಿಜ ನೋಡಿದರೆ, ಅವಳ ಅಳು ನನಗೆ ತಡೆಯಲಾಗಲಿಲ್ಲ, ಅದು ಬೇಗ ನಿಲ್ಲಲಿ ಅನ್ನಿಸಿತು. ವಿಶುದ್ಧಿಮಗ್ಗದಲ್ಲಿ ಬುದ್ಧಘೋಷರು ಪ್ರತಿಯೊಂದು ಬ್ರಹ್ಮವಿಹಾರಕ್ಕೂ ಹತ್ತಿರದ ಶತ್ರುವೊಂದನ್ನು ಹೇಳುತ್ತಾರೆ. ಕರುಣೆಯ ಹತ್ತಿರದ ಶತ್ರು ಕ್ರೌರ್ಯವಲ್ಲ, ಅದು ದೂರದ ಶತ್ರು. ಹತ್ತಿರದ್ದು ಸಂಕಟ. ನೋಡಲು ಕರುಣೆಯಂತೆಯೇ ಇರುತ್ತದೆ, ಆದರೆ ಅದು ತನ್ನ ನೋವನ್ನು ಕಡಿಮೆ ಮಾಡಿಕೊಳ್ಳಲು ನೋಡುತ್ತದೆ. ನನ್ನ ಬಾಯಲ್ಲಿ ಅಂದು ಮಾತಾಡಿದ್ದು ಅದೇ.

ಅವಳು ಗೋಡೆ ಬಿಚ್ಚಿದಳು. ನೆಲ ಕೊಳೆತದ್ದು ಹಿಂದಿನ ಮೂಲೆಯಲ್ಲಿ, ನೀರು ಒಳಬಂದದ್ದು ಮಾತ್ರ ಚಾವಣಿಯ ಗಾಳಿಕಿಂಡಿಯ ಸುತ್ತಿನಿಂದ. ಆ ಕಾಲದ ಇಂಥ ಅನೇಕ ಟ್ರೇಲರ್‌ಗಳಿಗೆ ಒಳಗೆ ತೆಳು ಮರದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಸೇರುವಲ್ಲೆಲ್ಲ ಅಂಟು. ಬಿಸಿಲಿಗೆ, ರಸ್ತೆಯ ಕುಲುಕಾಟಕ್ಕೆ ಆ ಅಂಟು ಒಣಗಿ ಬಿರಿಯುತ್ತದೆ. ಹನಿ ರೀಪಿನ ಗುಂಟ ಹರಿದು ಎಲ್ಲೋ ದೂರದಲ್ಲಿ ನಿಲ್ಲುತ್ತದೆ. ಕಲೆ ಕಂಡಲ್ಲಿ ನೆಲ ಬದಲಿಸಿ ಚಾವಣಿ ಬಿಟ್ಟರೆ, ಹೊಸ ನೆಲವೂ ಕೊಳೆಯುತ್ತದೆ. ದುಃಖ ಕಂಡಲ್ಲೇ ಅದರ ಕಾರಣವೂ ಇರಬೇಕೆಂದಿಲ್ಲ. ಎರಡನೆಯ ಆರ್ಯಸತ್ಯವನ್ನು ನಾನು ಎಷ್ಟೋ ಬಾರಿ ಓದಿದ್ದೇನೆ, ಹೀಗೆ ಕಂಡಿರಲಿಲ್ಲ. ಧಮ್ಮಪದದ ಮೊದಲ ವರ್ಗದಲ್ಲೇ ಸರಿಯಾಗಿ ಹೊದಿಸದ ಮನೆಯ ಹೋಲಿಕೆ ಇದೆ. ಬಾಯಿಪಾಠವಾದ ಮೇಲೆ ನಾವು ಚಾವಣಿಯತ್ತ ನೋಡುವುದನ್ನು ಬಿಟ್ಟಿದ್ದೇವೆ.

ಹಾಗಾದರೆ ಮುಚ್ಚುವುದು ಯಾವಾಗಲೂ ತಪ್ಪೇ? ಅವಳಿಗೆ ನಾಲ್ಕು ತಿಂಗಳು ಇರಲು ಗೆಳತಿಯ ಮನೆಯಿತ್ತು, ಬಿಚ್ಚಲು ಸಾಧ್ಯವಾಯಿತು. ಬೇರೆ ಸೂರಿಲ್ಲದವರು, ಒಳಗೆ ಮಗು ಮಲಗಿರುವವರು, ಚಳಿಗಾಲ ಬಾಗಿಲಿಗೆ ಬಂದವರು ಮೇಲೊಂದು ಹಲಗೆ ಹಾಕಿಕೊಂಡರೆ ಅವರನ್ನು ಆಡಿಕೊಳ್ಳಲು ನಾವು ಯಾರು? ಅವರ ಬಡತನವನ್ನು ತ್ಯಾಗವೆಂದು ಹೊಗಳುವುದೂ ಬೇಡ. ಆದರೆ ಹಲಗೆಯ ಕೆಳಗೆ ಏನಿದೆ ಎಂಬುದು ನೆನಪಿರಬೇಕು. ಕೈಗೆ ಬಲ ಬಂದಾಗ ತೆಗೆಯಬೇಕು. ಇನ್ನೊಬ್ಬರಿಗೆ ಕೊಡುವಾಗ ಬಾಯಿಬಿಟ್ಟು ಹೇಳಬೇಕು. ನೆನಪಿಟ್ಟುಕೊಂಡು ಮುಚ್ಚುವುದು ಸಂಕಷ್ಟದ ದಾರಿ. ಮರೆಯಲೆಂದು, ಮರೆಸಲೆಂದು ಮುಚ್ಚುವುದು ಸುಳ್ಳು.

ಈಗ ಅವರು ಅದರಲ್ಲಿ ವಾಸವಾಗಿದ್ದಾರೆ. ಮೊನ್ನೆ ಹೇಳಿದಳು: "ಚಾವಣಿ ಸರಿಯಾದರೂ ಬೆಳಿಗ್ಗೆ ಕಿಟಕಿಯೆಲ್ಲ ಒದ್ದೆ ಟೀಚರ್. ಈ ನೀರು ನಮ್ಮದೇ." ಇಬ್ಬರ ಉಸಿರು, ಅಡುಗೆಯ ಆವಿ. ಗ್ಯಾಸ್ ಉರಿದರೂ ನೀರಾವಿ ಹುಟ್ಟುತ್ತದೆ. ರಜೆಗೆ ಬಂದುಹೋಗುವವರಿಗೆ ಇದು ಲೆಕ್ಕಕ್ಕಿಲ್ಲ, ನಿತ್ಯ ಬದುಕುವವರಿಗೆ ಇದೂ ಮರ ಕೊಳೆಸುವ ನೀರೇ. ಹಾಗಾಗಿ ದಿನಾ ಕಿಟಕಿ ತೆರೆಯುತ್ತಾರೆ, ಒರೆಸುತ್ತಾರೆ. ಮಳೆಗಾಲಕ್ಕೆ ಮುಂಚೆ ಏಣಿ ಹತ್ತಿ ಅಂಟನ್ನು ಮುಟ್ಟಿ ನೋಡುತ್ತಾರೆ. ಅಪ್ಪಮಾದ, ಎಚ್ಚರ ತಪ್ಪದಿರುವುದು ಎಂದರೆ ಇದೇ ಇರಬಹುದು. ಒಮ್ಮೆ ದುರಸ್ತಿ ಮಾಡಿ ಮುಗಿಸುವ ಕೆಲಸವಲ್ಲ.

ನಾನು ಅವಳಿಗೆ ಕ್ಷಮೆ ಕೇಳಿದೆ. "ನೀವೇ ತಾನೆ ನೋಟ್ಸಿನಲ್ಲಿ ತಪ್ಪನ್ನು ಗೀಚಿ ಮುಚ್ಚಬೇಡ, ಕಾಣುವಂತೆ ಒಂದು ಗೆರೆ ಎಳೆ ಅಂತಿದ್ದದ್ದು?" ಎಂದು ನಕ್ಕಳು. ನನಗೆ ಮರೆತೇಹೋಗಿತ್ತು.

*ಇಂದಿನ ಅಭ್ಯಾಸ:* ಸಂಜೆ ಹತ್ತು ನಿಮಿಷ ಸುಮ್ಮನೆ ಕುಳಿತು, ನಾವು ಹಲಗೆ ಬಡಿದು ಮರೆತ ಒಂದು ಮೂಲೆಯನ್ನು ನೆನೆಯೋಣ. ಒಡೆದ ಸ್ನೇಹವಿರಬಹುದು, ಹೇಳದ ಮಾತಿರಬಹುದು. ಇಂದೇ ಬಿಚ್ಚಬೇಕೆಂದಿಲ್ಲ. ಅಲ್ಲಿದೆ ಎಂದು ಒಪ್ಪಿಕೊಂಡರೆ ಸಾಕು.

ಎಲ್ಲ ಜೀವಿಗಳಿಗೂ ಒಳಿತಾಗಲಿ. 🙏🪷